ಕುರಿಯ ನಡಿಗೆಗೆ ಹೊಂದಿಸಿದ ಟ್ರಕ್ಕು

ಮಂಡಿ ಮಡಚಲಾಗದ ಮನುಷ್ಯ ಟ್ರಕ್ಕಿನಿಂದ ಹೇಗೆ ಇಳಿಯುತ್ತಾನೆ ಎಂಬುದನ್ನು ನಾನು ಮೊದಲು ನೋಡಿದ್ದು ನನ್ನ ಗ್ಯಾರೇಜಿನ ಬಾಗಿಲಲ್ಲೇ. ಅವರು ಬೆನ್ನು ಹೊರಗೆ ಮಾಡಿ, ಬಾಗಿಲಿನ ಹಿಡಿಕೆಗೆ ಜೋತುಬಿದ್ದು, ಬಲಗಾಲನ್ನು ಮೊದಲು ನೆಲಕ್ಕೆ ಕೊಟ್ಟರು. ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿ ಹೊರಗೆ ಎಳೆದುಕೊಂಡರು. ಟ್ರಕ್ಕೇನೂ ತಾನಾಗಿ ಬಂದಿರಲಿಲ್ಲ. ಒಂದು ಟ್ರ್ಯಾಕ್ಟರು ಅದನ್ನು ಲಿಂಗನೂರಿನಿಂದ ಕುಪವಾಡದವರೆಗೆ ಹಗ್ಗ ಕಟ್ಟಿ ಎಳೆದು ತಂದಿತ್ತು, ಇವರು ಸ್ಟೇರಿಂಗ್ ಹಿಡಿದು ಕೂತು ಬಂದಿದ್ದರು.

ಇವರನ್ನು ನಾನು ಕಾಕಾ ಎಂದೇ ಕರೆಯುವುದು. ಕುರಿ ಸಾಕುವ ಮನೆತನ. ಸಮಡೋಳಿಯ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಅವರ ಮಂದೆ ಕೂರಿಸುತ್ತಿದ್ದ ಕಾಲದಿಂದ ಪರಿಚಯ. ಶೀಗಿ ಹುಣ್ಣಿಮೆಯ ಮರುದಿನ ಅವರ ಮಂದೆ ಊರು ಬಿಟ್ಟರೆ ಬೇಸಿಗೆ ಮುಗಿಯುವವರೆಗೆ ಪಶ್ಚಿಮದ ಘಾಟಿನ ಕಡೆಗೆ ತಿರುಗಾಟ. ಬೇರೆಯವರು ಸಾಮಾನು ಹೊರಲು ಕುದುರೆ ಇಟ್ಟುಕೊಂಡರೆ ಕಾಕಾ ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಒಂದು ಟನ್ನಿನ ಹಳೆಯ ಪೆಟ್ರೋಲ್ ಟ್ರಕ್ಕು ಕೊಂಡಿದ್ದರು. ಆಗತಾನೆ ಹುಟ್ಟಿದ ಮರಿಗಳು, ಕುಂಟುವ ಕುರಿಗಳು, ಕಂಬಳಿ, ಪಾತ್ರೆ, ಬಲೆ ಎಲ್ಲ ಅದರಲ್ಲಿ. ಮಂದೆಯ ಜೊತೆ ನಡೆಯುವವರು ಅವರ ತಮ್ಮ. ಆದರೆ ದಿನಾ ಸಂಜೆ ಮುಕ್ಕಾಂ ಎಲ್ಲಿ ಹಾಕಬೇಕು, ಯಾರ ಹೊಲದಲ್ಲಿ ಮಂದೆ ಕೂರಿಸಬೇಕು ಎಂದು ಹೇಳುವವರು ಕಾಕಾ. ತಮ್ಮ ಕೂಗಿ ಕೇಳಬೇಕು, ಅಣ್ಣ ಹೇಳಬೇಕು. ಅದು ಆ ಮನೆಯ ರೀತಿ.

ಆ ವರ್ಷ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡ ಮೊಳಕಾಲು ಪುಡಿಯಾಗಿತ್ತು. ಮಿರಜಿನ ಆಸ್ಪತ್ರೆಯಲ್ಲಿ ಕಾಲು ಉಳಿಸಿ ಕೊಟ್ಟಿದ್ದರು, ಮಂಡಿ ಮಾತ್ರ ಮಡಚುವಂತಿರಲಿಲ್ಲ.

"ಮಿಸ್ತ್ರಿ, ಎಲುಬು ಕೂಡಿಸಿ ಒಂದ ಮಾಡಿ ಬಿಟ್ಟಾರ. ಇನ್ನ ಕ್ಲಚ್ ತುಳಿಯಾಕ ಆಗಂಗಿಲ್ಲ," ಎಂದರು, ನನ್ನ ಹಳೆಯ ಟೈರಿನ ಮೇಲೆ ಕುಳಿತು, ಕಾಲನ್ನು ಅಂಗಳದ ಅಡ್ಡಕ್ಕೆ ಚಾಚಿಕೊಂಡು.

"ಹಂಗಾರ ಒಬ್ಬ ಡ್ರೈವರ್ ಇಡ್ರಿ, ಕಾಕಾ."

"ಡ್ರೈವರ್ ಕುರಿ ಸಂಗಾಟ ಎಷ್ಟ ದಿವಸ ಇರ್ತಾನೋ? ನಾಕನೇ ದಿನಕ್ಕ ಬಸ್ ಹತ್ತತಾನ. ತಮ್ಮ ಅಂತಾನ, ಈ ವರ್ಷ ಮನ್ಯಾಗ ಇರು ಅಂತ. ದಸರಾ ಆದ ಮ್ಯಾಲ ನಾ ಮನ್ಯಾಗ ಇದ್ದದ್ದ ಇಲ್ಲ. ಮನ್ಯಾಗ ಕೂತು ಏನ್ ಗ್ವಾಡಿ ನೋಡ್ಲೇನು?" ಅವರೇ ಮುಂದುವರಿಸಿದರು. "ಕ್ಲಚ್ ಇಲ್ಲದ ಗಾಡಿ ಇರ್ತಾವಂತ. ಆಸ್ಪತ್ರ್ಯಾಗ ಬಾಜೂಕಿನ ಖಾಟಿನ ಸಾಹೇಬ್ರು ಹೇಳಿದ್ರು."

"ಇರ್ತಾವ್ರಿ. ಆದ್ರ ಅವು ದೊಡ್ಡ ಮಂದಿ ಕಾರು."

"ನನ್ನ ಮರಿಗೋಳು ಸಣ್ಣ ಮಂದಿ ಅಂತ ಯಾರ ಹೇಳ್ಯಾರ ನಿನಗ?"

ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ಒಲ್ಲೆ ಎನ್ನುವುದು ಕಷ್ಟ. ನಿಜ ಹೇಳಬೇಕೆಂದರೆ ನಾನು ಅಲ್ಲಿಯವರೆಗೆ ಒಂದೇ ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ಬಿಚ್ಚಿರಲಿಲ್ಲ. ಆದರೆ ಸಾಂಗಲಿ, ಮಿರಜ್ ಎರಡರಲ್ಲೂ ಬೇರೆ ಯಾರೂ ಬಿಚ್ಚಿರಲಿಲ್ಲ ಎಂಬ ಧೈರ್ಯ ನನಗಿತ್ತು. ಹುಣ್ಣಿಮೆಗೆ ಇನ್ನೂ ನಾಲ್ಕು ತಿಂಗಳಿತ್ತು. ಆಗಲಿ ಎಂದೆ.

ಅವು ಕುಪವಾಡವನ್ನು ಮಹಾನಗರಪಾಲಿಕೆಗೆ ಸೇರಿಸಿದ ಹೊಸ ವರ್ಷಗಳು. ನಮ್ಮ ಬೀದಿಯಲ್ಲಿ ಎರಡು ದಿನಕ್ಕೊಂದು ಹೊಸ ಶೆಡ್ಡು ಏಳುತ್ತಿತ್ತು. ಸರಕಾರ ಹೊರದೇಶದ ಸಾಮಾನಿಗೆ ಬಾಗಿಲು ತೆಗೆದಿದ್ದರಿಂದ ಮುಂಬೈಯ ಭಂಗಾರ ಬಜಾರಿಗೆ, ಅಂದರೆ ಗುಜರಿ ಪೇಟೆಗೆ, ಜಪಾನಿನ ಹಳೆಯ ಎಂಜಿನ್ನುಗಳು ಕಂಟೇನರುಗಟ್ಟಲೆ ಬಂದು ಬೀಳುತ್ತಿದ್ದವು. ಅಲ್ಲಿನವರು ನಾವು ಬಟಾಟೆ ಸುರಿಯುವ ಹಾಗೆ ಅವನ್ನು ಸುರಿದಿಟ್ಟಿರುತ್ತಿದ್ದರು. ಮೂರು ದಿನ ಆ ರಾಶಿಗಳ ನಡುವೆ ಅಲೆದೆ. ನನಗೆ ಬೇಕಾದದ್ದು ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನು, ಅದರ ಬೆನ್ನಿಗೆ ಕಂಪನಿಯಲ್ಲಿ ಕೂಡಿಸಿದ ಹಾಗೆಯೇ ಇರುವ ಆಟೋಮ್ಯಾಟಿಕ್ ಗೇರ್‌ಬಾಕ್ಸು, ಮತ್ತು ಎರಡಕ್ಕೂ ಕಂಪ್ಯೂಟರ್ ಡಬ್ಬಿ ಇರಬಾರದು. ಕೇಬಲ್ಲಿನಿಂದ, ಎಣ್ಣೆಯ ಒತ್ತಡದಿಂದ ಗೇರು ಬದಲಿಸಿಕೊಳ್ಳುವ ಹಳೆಯ ನಮೂನೆಯೇ ಆಗಬೇಕು. ಘಾಟಿನ ಬುಡದಲ್ಲಿ ಕಂಪ್ಯೂಟರ್ ಕೆಟ್ಟರೆ ಕಾಕಾ ಯಾರನ್ನು ಕರೆಯಬೇಕು?

ಆರಿಸುವುದಕ್ಕೆ ನನ್ನ ಹತ್ತಿರ ಇದ್ದ ಪರೀಕ್ಷೆ ಮೂಗು. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಮೂಸುವುದು. ಕೆಂಪು ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ತಟ್ಟೆಗಳು ಸವೆದಿವೆ ಎಂದೇ ಲೆಕ್ಕ. ಹನ್ನೊಂದನೆಯದು ಕೆಂಪಗಿತ್ತು, ಅದನ್ನೇ ಟೆಂಪೋ ಹತ್ತಿಸಿದೆ.

ಹಳೆಯ ಎಂಜಿನ್ನು, ಹಳೆಯ ಗೇರ್‌ಬಾಕ್ಸು ಇಳಿಸಲು ಒಂದು ದಿನ ಸಾಕಾಯಿತು. ಆ ಮಿಲಿಟರಿ ಟ್ರಕ್ಕಿನಲ್ಲಿ ಗೇರ್‌ಬಾಕ್ಸಿನ ಹಿಂದೆ, ಚಾಸಿಗೆ ಬೇರೆಯಾಗಿ ತೂಗುಬಿಟ್ಟ ಇನ್ನೊಂದು ಸಣ್ಣ ಬಾಕ್ಸು ಇತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವುದು, ಬೇಕಾದಾಗ ಗಾಡಿಯ ವೇಗವನ್ನು ಅರ್ಧಕ್ಕೆ ಇಳಿಸಿ ಎಳೆತ ಹೆಚ್ಚಿಸುವುದು ಅದರ ಕೆಲಸ. ಅದನ್ನೂ ನಾನು ಬಿಚ್ಚಿ ಮೂಲೆಗೆ ಉರುಳಿಸಿದೆ. ಹೊಸ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಒಂದೇ ಉದ್ದನೆಯ ಶಾಫ್ಟು ಕೊಟ್ಟರೆ ಭಾರವೂ ಕಡಿಮೆ, ಗಲಾಟೆಯೂ ಕಡಿಮೆ. ಅವತ್ತು ಕಾಕಾ ಬಸ್ಸಿನಲ್ಲಿ ಬಂದು ಎಂದಿನ ಟೈರಿನ ಮೇಲೆ ಕೂತಿದ್ದರು.

"ಅದನ್ನ ಯಾಕ ತಗದಿ ಮಿಸ್ತ್ರಿ? ಅದು ಬೇಕಾಕ್ಕೈತಲ್ಲ," ಎಂದರು.

"ಯಾಕ್ರಿ ಕಾಕಾ, ಕುರಿ ತಗೊಂಡು ಯುದ್ಧಕ್ಕ ಹೊಂಟೀರೇನು?"

ಅವರು ನಕ್ಕರು. "ಮಿಸ್ತ್ರಿ ನೀನು. ನಿನಗ ತಿಳದಂಗ ಮಾಡು," ಎಂದರು. ನನ್ನ ಮಾತಿನ ಚುರುಕು ನನಗೇ ಹಿಡಿಸಿತು.

ಮುಂದಿನ ಕೆಲಸಕ್ಕೆ ನನ್ನ ಜೊತೆಗಾರ ಪಕ್ಕದ ಶೆಡ್ಡಿನ ಟರ್ನರ್ ಮಾಮಾ. ಮಿರಜಿನವರು, ಲೇಥಿನ ಮೇಲೆ ನಲವತ್ತು ವರ್ಷ ಕೈ ಪಳಗಿಸಿದವರು, ಕನ್ನಡ ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಆಡುವವರು. ಎಂಜಿನ್ನನ್ನು ಸರಪಳಿಯಿಂದ ಇಳಿಬಿಟ್ಟು ನೋಡಿದರೆ ಅದರ ಎಣ್ಣೆಯ ತಳ ಮುಂದಿನ ಆಕ್ಸಲ್ಲಿಗೆ ಬಡಿಯುತ್ತಿತ್ತು. ತಳ ಕೊಯ್ದು ಬೆಸುಗೆ ಹಾಕೋಣವೆಂದರೆ ಮಾಮಾ ಒಪ್ಪಲಿಲ್ಲ. ಕೊನೆಗೆ ಎಂಜಿನ್ನನ್ನೇ ಒಂದು ಗೇಣು ಹಿಂದಕ್ಕೆ ಸರಿಸಿ, ಅದಕ್ಕೆ ತಕ್ಕಂತೆ ಕ್ಯಾಬಿನ್ನಿನ ತಗಡು ಕತ್ತರಿಸಿದೆವು. ಎಂಜಿನ್ ಕೂರುವ ಕಾಲುಗಳಿಗೆ ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಹೊಂದಿದ ಮೇಲೆ ದಪ್ಪ ಪಟ್ಟಿಯಲ್ಲಿ ಮಾಡಿದೆವು. ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವ ಕೇಬಲ್ಲನ್ನು ಹೊಂದಿಸಲು ಮೂರು ದಿನ ಹಿಡಿಯಿತು. ಒಂದು ಎಳೆ ಸಡಿಲವಾದರೆ ಗೇರು ಬೇಗ ಬೀಳುತ್ತಿತ್ತು, ಒಂದು ಎಳೆ ಬಿಗಿಯಾದರೆ ಬೀಳುತ್ತಲೇ ಇರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗಲು ಭಂಗಾರದಲ್ಲಿ ಸಿಕ್ಕ ಒಂದು ಸಣ್ಣ ಕೂಲರನ್ನು ರೇಡಿಯೇಟರಿನ ಮುಂದೆ ಕಟ್ಟಿದೆ. ಕ್ಲಚ್ ಪೆಡಲು ತೆಗೆದ ತೂತಿಗೂ, ಆ ಸಣ್ಣ ಬಾಕ್ಸಿನ ಹಿಡಿಕೆ ಇದ್ದ ತೂತಿಗೂ ಚಂದಾಗಿ ತಗಡು ಬಡಿದೆ.

ಗಾಡಿ ಮೊದಲ ಸಲ ತಾನಾಗಿ ಅಂಗಳದಿಂದ ಹೊರಟಾಗ ನಮಗೆಲ್ಲ ಖುಷಿಯೋ ಖುಷಿ. ಆ ಖುಷಿ ಮಿರಜಿನ ರೈಲ್ವೆ ಸೇತುವೆಯ ಏರಿನ ಅರ್ಧದವರೆಗೆ ಬಾಳಿತು. ಅಲ್ಲಿ ಎಂಜಿನ್ನು ಕೂಗುತ್ತದೆ, ಗಾಡಿ ಏರುವುದಿಲ್ಲ. ಹಿಂದಿನ ಬಸ್ಸಿನವನು ನನ್ನ ಮನೆತನವನ್ನೆಲ್ಲ ನೆನೆಸಿದ. ತಂದು ಗೇರ್‌ಬಾಕ್ಸು ಇಳಿಸಿದೆ, ತಳ ತೆಗೆದೆ, ಎಣ್ಣೆ ಸೋಸುವ ಜಾಳಿಗೆ ತೊಳೆದೆ, ಏನೂ ಸಿಗಲಿಲ್ಲ. ಮತ್ತೆ ಏರಿಸಿದೆ, ಮತ್ತೆ ಅದೇ ಸೇತುವೆ, ಮತ್ತೆ ಅದೇ ಕೂಗು. ಎರಡು ವಾರ ಹೀಗೆ ಹೋಯಿತು. ಎಣ್ಣೆ ಮಾತ್ರ ಸರಿಯಿತ್ತು. ದಿನಾ ಬೆಳಿಗ್ಗೆ ಕಡ್ಡಿ ಎಳೆದು ನೋಡುತ್ತಿದ್ದೆ, ಗೆರೆಯವರೆಗೆ ಎಣ್ಣೆ ಇರುತ್ತಿತ್ತು.

ಒಂದು ಮಧ್ಯಾಹ್ನ ಬ್ಯಾಟರಿ ಇಳಿದಿತ್ತು. ಎಂಜಿನ್ ನಿಲ್ಲಿಸಿದರೆ ಮತ್ತೆ ಹತ್ತಲಾರದೆಂದು ಚಾಲೂ ಇಟ್ಟೇ ಕಡ್ಡಿ ಎಳೆದೆ. ತುದಿ ಒಣಗಿತ್ತು. ಒರೆಸಿ ಮತ್ತೆ ಹಾಕಿ ಎಳೆದೆ, ಮತ್ತೆ ಒಣಗಿತ್ತು. ಎಣ್ಣೆಯನ್ನು ಎಂಜಿನ್ ನಿಲ್ಲಿಸಿಯೇ ನೋಡಬೇಕು ಎಂದು ನನ್ನ ಗುರು ಕಿವಿ ಹಿಂಡಿ ಕಲಿಸಿದ್ದರು, ಎಂಜಿನ್ನಿನ ಎಣ್ಣೆಗೆ ಅದು ಸರಿ. ಈ ಗೇರ್‌ಬಾಕ್ಸಿನಲ್ಲಿ ನಿಲ್ಲಿಸಿದಾಗ ಎಣ್ಣೆಯೆಲ್ಲ ತಳಕ್ಕೆ ಇಳಿದು ಬಂದು ತುಂಬಿದಂತೆ ಕಾಣುತ್ತದೆ, ನಡೆಯುವಾಗ ಅದು ಮೇಲೆ ಹಂಚಿಹೋಗಿ ತಳದಲ್ಲಿ ಪಂಪಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ. ಸುಮಾರು ಎರಡು ಲೀಟರು ಕಡಿಮೆ ಇತ್ತು. ತುಂಬಿದೆ. ಸೇತುವೆಯನ್ನು ಟ್ರಕ್ಕು ಮದುವೆ ಮನೆಗೆ ಹೊರಟವರ ಹಾಗೆ ಹತ್ತಿತು. ಎರಡು ವಾರ ಹಾಳು ಮಾಡಿದ್ದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು.

ಓಡಿಸಿ ನೋಡಲು ಬಂದವರಿಂದ ನಮಗೆ ಒಳ್ಳೆ ಮನರಂಜನೆ. ಬೀದಿಯ ಮಿಸ್ತ್ರಿಗಳೆಲ್ಲ ಒಬ್ಬೊಬ್ಬರಾಗಿ ಹತ್ತಿದರು. ಎಲ್ಲರೂ ರೂಢಿಯಿಂದ ಎಡಗಾಲಿನಲ್ಲಿ ಕ್ಲಚ್ ತುಳಿಯಲು ಹೋಗಿ ಅಗಲವಾದ ಬ್ರೇಕನ್ನೇ ಒದ್ದು, ಹಣೆಯನ್ನು ಮುಂದಿನ ಗಾಜಿಗೆ ಕೊಟ್ಟು ಇಳಿದರು. ನಾನೂ ಮೂರು ಸಲ ಕೊಟ್ಟಿದ್ದೇನೆ. ಆ ತಪ್ಪನ್ನು ಒಮ್ಮೆಯೂ ಮಾಡದವರು ಕಾಕಾ ಒಬ್ಬರೇ. ಅವರ ಎಡಗಾಲು ನೆಟ್ಟಗೆ ಮೂಲೆಗೆ ಚಾಚಿ ಸುಮ್ಮನಿತ್ತು. ಮೊದಲ ದಿನವೇ ಸಾಂಗಲಿಯ ಸಂತೆಯವರೆಗೆ ಹೋಗಿ ನೀಟಾಗಿ ತಂದು ನಿಲ್ಲಿಸಿದರು.

"ನಿಮಗೆಲ್ಲ ಒಂದ್ ಕಾಲ್ ಜಾಸ್ತಿ ಆಗೇತಿ," ಎಂದರು ಇಳಿಯುತ್ತಾ.

ಆರ್‌ಟಿಓದಲ್ಲಿ ಗಾಡಿಯ ಪುಸ್ತಕದ ಮೇಲೆ ಹೊಸ ಎಂಜಿನ್ನಿನ ನಂಬರು ಏರಿತು, ಕಾಕಾರ ಲೈಸೆನ್ಸಿನ ಕಾಗದವೂ ಆಯಿತು. ಅಷ್ಟರಲ್ಲಿ ನವರಾತ್ರಿ ಬಂದಿತ್ತು.

ಖಂಡೇನವಮಿಯ ದಿನ ನಮ್ಮಲ್ಲಿ ಯಾವ ಹತ್ಯಾರನ್ನೂ ಮುಟ್ಟುವುದಿಲ್ಲ. ಪಾನಾ, ಸುತ್ತಿಗೆ, ಜ್ಯಾಕು ಎಲ್ಲ ತೊಳೆದು, ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಮರುದಿನ ದಸರೆಯವರೆಗೆ ಬಿಡುತ್ತೇವೆ. ಶೆಡ್ಡಿನಲ್ಲಿದ್ದ ಕಬ್ಬಿಣವೆಲ್ಲ ಆ ದಿನ ದೇವರೇ. ಮೂಲೆಗೆ ಉರುಳಿಸಿದ್ದ ಆ ಸಣ್ಣ ಬಾಕ್ಸಿಗೂ ನಾನೇ ಕುಂಕುಮವಿಟ್ಟು ಒಂದು ಹೂ ಇಟ್ಟೆ. ಟ್ರಕ್ಕಿಗೆ ಬಾಳೆಕಂದು ಕಟ್ಟಿ ಕಾಕಾರಿಗೆ ಒಪ್ಪಿಸಿದೆ. ಕೆಲಸವಂತೂ ಇಲ್ಲ, ಬಾ ನಮ್ಮ ಮನೆಗೆ ಎಂದು ಅವರು ನನ್ನನ್ನೂ ಕೂರಿಸಿಕೊಂಡರು. ಬೇರೆ ಯಾವ ದಿನವಾಗಿದ್ದರೂ ಗಾಡಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಹತ್ಯಾರು ಪೂಜೆಗೆ ಕೂತಿದ್ದರಿಂದಲೇ ಲಿಂಗನೂರಿಗೆ ಹೋದೆ.

ಹಾಲು ಕುಡಿದು, ಬಾಳೆಹಣ್ಣು ತಿಂದ ಮೇಲೆ ಕಾಕಾ, "ಕುರಿ ಹೊಳ್ಳಿ ಬರೂ ಹೊತ್ತಾತು, ಅವಕ್ಕೂ ಗಾಡಿ ತೋರಸೂನು ಬಾ," ಎಂದರು. ಮೇಯಲು ಹೋದ ಮಂದೆ ಊರಾಚೆಯ ಬೋಳು ದಿಬ್ಬದ ಕಡೆಯಿಂದ ವಾಪಸು ಬರುತ್ತಿತ್ತು. ಹೊಸ ಮರಿ ಹಾಕಿದ ಎರಡು ಕುರಿಗಳನ್ನು ಹಿಂದೆ ಏರಿಸಿಕೊಂಡು ಕಾಕಾ ಟ್ರಕ್ಕನ್ನು ಮಂದೆಯ ಬಾಲಕ್ಕೆ ಹಚ್ಚಿದರು. ಟ್ರಕ್ಕು ಮುಂದೆ ಹೋಗಿ ಮುಕ್ಕಾಮಿನಲ್ಲಿ ಕಾಯುತ್ತದೆ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಅದು ಹಾಗಲ್ಲ. ಹಿಂದುಳಿದ ಕುರಿಗಳನ್ನು ನೋಡಿಕೊಳ್ಳುತ್ತಾ, ಹಿಂದಿನಿಂದ ಬರುವ ಲಾರಿಗಳನ್ನು ತಡೆಯುತ್ತಾ, ಅದು ದಿನವಿಡೀ ಮಂದೆಯ ಬೆನ್ನಿಗೇ ನಡೆಯಬೇಕು. ಕುರಿಗಳು ನಾಲ್ಕು ಹೆಜ್ಜೆ ನಡೆದು ಎರಡು ಬಾಯಿ ಮೇಯುತ್ತಿದ್ದವು. ಕಾಕಾರ ಬಲಗಾಲು ಬ್ರೇಕಿನ ಮೇಲಿಂದ ಏಳಲೇ ಇಲ್ಲ.

ಮುಕ್ಕಾಲು ಗಂಟೆಯಲ್ಲಿ ಮೂಗಿಗೆ ವಾಸನೆ ಬಡಿಯಿತು. ಮುಂಬೈಯಲ್ಲಿ ಹತ್ತು ಕಡ್ಡಿಗಳಲ್ಲಿ ಮೂಸಿದ್ದ ಅದೇ ಸುಟ್ಟ ವಾಸನೆ. ಸಣ್ಣ ಏರಿನಲ್ಲಿ ಎಂಜಿನ್ನು ಕೂಗಿತು, ಟ್ರಕ್ಕು ನಿಂತಿತು.

ನನ್ನ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರು ಕೂಡ ಇರಲಿಲ್ಲ, ಇದ್ದರೂ ಆ ದಿನ ಮುಟ್ಟುವಂತಿರಲಿಲ್ಲ. ಕೆಳಗೆ ಬಾಗಿ ನೋಡಿದೆ, ಬಾಕ್ಸಿನಿಂದ ಹೊಗೆ ಏಳುತ್ತಿತ್ತು. ಕಾಕಾರ ತಮ್ಮ ಮಂದೆಯ ಮುಂದಿನಿಂದ ನಡೆದು ಬಂದರು. ಅವರು ಕೆಟ್ಟ ಮನುಷ್ಯರಲ್ಲ, ದನಿಯೂ ಎತ್ತಲಿಲ್ಲ.

"ಅಣ್ಣಾ, ಮಿಸ್ತ್ರಿಯವ್ರು ಬಾಳ ಕಷ್ಟಪಟ್ಟಾರ. ಆತು, ಬಿಡು. ಈ ವರ್ಷ ನೀ ಮನ್ಯಾಗ ಇರು. ಸಾಮಾನಕ್ಕ ಕುದುರಿ ನೋಡತೀನಿ. ಮುಕ್ಕಾಂ ನಾ ನೋಡ್ಕೋತೀನಿ."

ಕಾಕಾ ಎರಡೂ ಕೈ ಸ್ಟೇರಿಂಗಿನ ಮೇಲೇ ಇಟ್ಟು ಮುಂದಕ್ಕೆ ನೋಡುತ್ತಾ ಕೂತಿದ್ದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟು ನಾಚಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಟ್ರಕ್ಕು ಆರಲಿ ಎಂದು ಬಿಟ್ಟು ನಾನು ಮಂದೆಯ ಹಿಂದೆ ನಡೆದೆ. ಕೈಗೆ ಬೇರೆ ಕೆಲಸವಿಲ್ಲದ್ದರಿಂದ ಗಡಿಯಾರ ನೋಡಿದೆ. ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಇಪ್ಪತ್ತೆರಡು ನಿಮಿಷ. ನಾನು ಈ ಗಾಡಿಯನ್ನು ಐವತ್ತರಲ್ಲಿ ಓಡಿಸಿ ನೋಡಿದ್ದೆ, ಅರವತ್ತರಲ್ಲಿ ನೋಡಿದ್ದೆ, ಸೇತುವೆ ಹತ್ತಿಸಿದ್ದೆ. ಕುರಿಯ ಹೆಜ್ಜೆಗೆ ಒಮ್ಮೆಯೂ ನಡೆಸಿರಲಿಲ್ಲ. ಈ ಗಾಡಿಯಲ್ಲಿ ಕ್ಲಚ್ಚಿನ ಜಾಗದಲ್ಲಿ ಇರುವುದು ಎಣ್ಣೆ ತುಂಬಿದ ಗುಂಡನೆಯ ಡಬ್ಬಿ. ಎಂಜಿನ್ನಿನ ಕಡೆಯ ರೆಕ್ಕೆಗಳು ಎಣ್ಣೆಯನ್ನು ದೂಡುತ್ತವೆ, ಆ ಎಣ್ಣೆ ಚಕ್ರದ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಬ್ರೇಕು ಹಿಡಿದು ತೆವಳಿಸಿದರೆ ಒಂದು ಕಡೆ ತಿರುಗುತ್ತಿರುತ್ತದೆ, ಇನ್ನೊಂದು ತಿರುಗಲೊಲ್ಲದು, ನಡುವಿನ ಎಣ್ಣೆ ಸುಮ್ಮನೆ ಕಡೆದು ಕಡೆದು ಕುದಿಯುತ್ತದೆ. ಆ ನಡಿಗೆಯಲ್ಲಿ ಕೂಲರಿಗೆ ಗಾಳಿಯಾದರೂ ಎಲ್ಲಿಂದ ಬರಬೇಕು?

ಹಿಂದಿರುಗಿ ಬಂದು ಕಾಕಾರನ್ನು ಕೇಳಿದೆ. "ಮೊದಲ ಇಷ್ಟ ಸಾವಕಾಶ ಹೆಂಗ ನಡಸ್ತಿದ್ರಿ, ಕಾಕಾ?"

"ಸಣ್ಣ ಹಿಡಿಕಿ ಜಗ್ಗಿ ಇಡ್ತಿದ್ದೆ. ನೀ ತಗದ ಒಗದ್ಯಲ್ಲ, ಆ ಬಾಕ್ಸಿಂದು."

"ಮತ್ತ ಹೇಳೂದಲ್ಲೇನ್ರಿ?"

"ಹೇಳಿದ್ನಲ್ಲ. ನೀ ಯುದ್ಧದ ಮಾತ ತಗದಿ."

ಬೆಳಿಗ್ಗೆ ನನ್ನ ಕೈಯಾರೆ ಹೂ ಇಟ್ಟಿದ್ದ ಆ ಬಾಕ್ಸು ಕಣ್ಣಮುಂದೆ ಬಂತು. ಗೇರ್‌ಬಾಕ್ಸಿನ ಹಿಂದೆ ಅದನ್ನು ಮತ್ತೆ ತೂಗುಬಿಟ್ಟರೆ ಗಾಡಿಯ ತೆವಳುವ ವೇಗ ಅರ್ಧಕ್ಕೆ ಇಳಿಯುತ್ತದೆ. ಬ್ರೇಕು ಹಿಡಿಯಬೇಕಾಗಿಲ್ಲ. ಏರಿನಲ್ಲೂ ಎಂಜಿನ್ನಿಗೆ ಅರ್ಧ ಭಾರ, ಎಣ್ಣೆ ಕಡೆಯುವುದು ಕಡಿಮೆ. ಆದರೆ ಅದಕ್ಕೆ ಮುಗಿಸಿ ಬಣ್ಣ ಹೊಡೆದ ಕೆಲಸವನ್ನು ನಡುವಿನಿಂದ ಬಿಚ್ಚಬೇಕು, ಚಂದಾಗಿ ಮಾಡಿದ ಉದ್ದನೆಯ ಶಾಫ್ಟನ್ನು ಕೊಯ್ಯಬೇಕು. ದೊಡ್ಡ ಕೂಲರು, ಫ್ಯಾನು ಹಾಕಿ ತೇಪೆ ಹಚ್ಚಿ ಕಳಿಸುವ ಆಸೆಯೂ ಒಂದು ಕ್ಷಣ ಬಂತು. ಅದು ನನ್ನ ಮಾನ ಉಳಿಸುತ್ತಿತ್ತು, ಘಾಟಿನಲ್ಲಿ ಕಾಕಾರನ್ನು ಉಳಿಸುತ್ತಿರಲಿಲ್ಲ.

"ಕಾಕಾ, ತಪ್ಪು ನಂದ. ಹುಣ್ಣಿಮಿಗೆ ಆರ ದಿವಸ ಐತಿ. ಆ ಬಾಕ್ಸ್ ಹೊಳ್ಳಿ ಹಾಕಿ ಕೊಡತೀನಿ."

"ಆಗತೈತೇನು?"

"ಆಗಲಿಲ್ಲಂದ್ರ ನಾನ ಡ್ರೈವರ್ ಆಗಿ ಬರ್ತೀನ್ರಿ."

"ನಾಕ ದಿನಕ್ಕ ಓಡಿ ಹೊಕ್ಕಿ ನೀನು," ಎಂದು ನಕ್ಕರು. ಆ ನಗು ನೋಡಿ ನನಗೆ ಜೀವ ಬಂತು.

ಆರಿದ ಮೇಲೆ ಟ್ರಕ್ಕು ಹೇಗೋ ಊರು ಸೇರಿತು. ದಸರೆಯ ದಿನ ಬೆಳಿಗ್ಗೆ ಅದು ಕುಪವಾಡಕ್ಕೆ ಬರುವ ಹೊತ್ತಿಗೆ ನಾನು ಹತ್ಯಾರುಗಳಿಗೆ ಆರತಿ ಎತ್ತಿ ಪಾನಾ ಕೈಗೆ ತೆಗೆದುಕೊಂಡಿದ್ದೆ. ಮೊದಲು ಎಣ್ಣೆ. ಕಪ್ಪಾಗಿತ್ತು. ಆಮೇಲೆ ಗೇರ್‌ಬಾಕ್ಸಿನ ತಳ ಬಿಚ್ಚಿದೆ. ಕಾಡಿಗೆಯಂಥ ಸಣ್ಣ ಕಪ್ಪು ಧೂಳು ಇತ್ತು, ಲೋಹದ ಚೂರು ಇರಲಿಲ್ಲ. ತಟ್ಟೆಗಳು ಇನ್ನೂ ಜೀವದಿಂದಿದ್ದವು. ಆ ಗುಂಡನೆಯ ಡಬ್ಬಿಯೊಳಗಿನ ಎಣ್ಣೆ ಒಂದೇ ಸಲಕ್ಕೆ ಇಳಿಯುವುದಿಲ್ಲ, ಹಾಗಾಗಿ ಹೊಸ ಎಣ್ಣೆ ತುಂಬಿ, ನಡೆಸಿ, ಮೂರು ಸಲ ಬಸಿದೆ.

ಟರ್ನರ್ ಮಾಮಾ ಇದು ಎಂಟು ದಿನದ ಕೆಲಸ, ಐದು ದಿನದಲ್ಲಿ ಯಾವನು ಮಾಡುತ್ತಾನೆ ಎಂದು ಮರಾಠಿಯಲ್ಲಿ ನನ್ನನ್ನು ಬೈಯುತ್ತಲೇ ಲೇಥಿಗೆ ಕಬ್ಬಿಣ ಕಟ್ಟಿದರು. ಜಪಾನಿ ಬಾಕ್ಸಿನ ಬೋಲ್ಟು ತೂತುಗಳಿಗೂ ಮಿಲಿಟರಿ ಬಾಕ್ಸಿನ ತೂತುಗಳಿಗೂ ಹೊಂದುವುದಿಲ್ಲ. ನಡುವೆ ಒಂದು ದಪ್ಪ ತಟ್ಟೆ ಕಡೆದು, ಎರಡೂ ಸಾಲು ತೂತು ಕೊರೆದೆವು. ಉದ್ದನೆಯ ಶಾಫ್ಟನ್ನು ಕೊಯ್ದು ಎರಡು ಮಾಡಿದೆವು. ಗೇರ್‌ಬಾಕ್ಸಿನಿಂದ ಸಣ್ಣ ಬಾಕ್ಸಿಗೆ ಒಂದು ಮೋಟು ಶಾಫ್ಟು, ಅಲ್ಲಿಂದ ಆಕ್ಸಲ್ಲಿಗೆ ಇನ್ನೊಂದು. ಹಿಡಿಕೆಗಾಗಿ, ಚಂದಾಗಿ ಬಡಿದಿದ್ದ ಆ ತಗಡನ್ನು ನಾನೇ ಕತ್ತರಿಸಿದೆ.

ನಾಲ್ಕನೆಯ ದಿನ ಎಲ್ಲ ಕೂಡಿತು. ರಸ್ತೆಗೆ ಒಯ್ದರೆ ನಲವತ್ತರ ವೇಗಕ್ಕೆ ಗಾಡಿಯಿಡೀ ನಡುಗಿತು. ಮೋಟು ಶಾಫ್ಟಿನ ಎರಡು ತುದಿಯ ಜಾಯಿಂಟುಗಳು ಒಂದೇ ಕೋನದಲ್ಲಿ ಇರಬೇಕು, ಇರಲಿಲ್ಲ. ಆಗ ಮಾತ್ರ ನಾನು ಕೂತುಬಿಟ್ಟೆ. 

ಮಾಮಾ ಬೀಡಿ ಹಚ್ಚಿ ಕೆಳಗೆ ತೂರಿ, ಒಂದು ಸುತ್ತು ನೋಡಿ ಹೊರಗೆ ಬಂದರು. "ಬಾಕ್ಸಿನ ಹಿಂದಿನ ಬಾಜೂ ಒಂದ್ ಬೆರಳ ಎತ್ತು, ಮಗಾ. ಉಳದದ್ದೆಲ್ಲ ಬರೋಬರ್ ಐತಿ," ಎಂದರು. ಒಂದು ಬೆರಳಿನ ದಪ್ಪಕ್ಕೆ ಪಟ್ಟಿ ಕೊಟ್ಟು ಎತ್ತಿದೆವು. ನಡುಕ ನಿಂತಿತು.

ಈ ಸಲ ನಾನು ಸೇತುವೆಗೆ ಹೋಗಲಿಲ್ಲ. ಎಣ್ಣೆಯ ಪೈಪಿಗೆ ಟ್ರ್ಯಾಕ್ಟರಿನ ಒಂದು ಟೆಂಪರೇಚರ್ ಮೀಟರು ಕೂರಿಸಿ, ಹುಣ್ಣಿಮೆಯ ದಿನ ಕಾರ್ಖಾನೆಗಳ ಬೀದಿಯಲ್ಲಿ ಗಾಡಿಯನ್ನು ಕುರಿಯ ಹೆಜ್ಜೆಗೆ ನಡೆಸಿದೆ. ಕುರಿಗಳು ಇರಲಿಲ್ಲ, ಮಾಮಾ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ನಾನು ಹಿಂದೆ. ಎರಡು ಗಂಟೆ. ಪಾಳಿ ಮುಗಿಸಿ ಬಂದ ಕೆಲಸಗಾರರು ಮೆರವಣಿಗೆ ಯಾರದು ಎಂದು ಕೇಳಿದರು. ಮಾಮಾ ನಡುನಡುವೆ ನಿಂತು ಗೋಡೆ ಬದಿಯ ಹುಲ್ಲಿಗೆ ಬಾಯಿ ಹಾಕುವ ಹಾಗೆ ನಟಿಸುತ್ತಿದ್ದರು. ಮೀಟರಿನ ಮುಳ್ಳು ನಡುವಿನವರೆಗೆ ಏರಿ ಅಲ್ಲೇ ಕೂತಿತು.

ಮರುದಿನ ಬೆಳಿಗ್ಗೆ ಲಿಂಗನೂರಿಗೆ ಟ್ರಕ್ಕು ನಾನೇ ಒಯ್ದೆ. ಮಂದೆ ಆಗಲೇ ರಸ್ತೆಗೆ ಇಳಿದಿತ್ತು. ಕಾಕಾರ ತಮ್ಮ ಒಂದು ಕುದುರೆಯನ್ನೂ ತಂದು ನಿಲ್ಲಿಸಿದ್ದರು. ಕಾಕಾ ಅದರ ಕಡೆ ನೋಡದೆ ಬೆನ್ನು ಮೊದಲು ಮಾಡಿ ಟ್ರಕ್ಕು ಹತ್ತಿದರು, ಎಡಗಾಲನ್ನು ಎತ್ತಿ ಮೂಲೆಗೆ ಚಾಚಿದರು, ಸಣ್ಣ ಹಿಡಿಕೆಯನ್ನು ಜಗ್ಗಿದರು. ಬ್ರೇಕಿನಿಂದ ಕಾಲು ತೆಗೆದರು.

ಟ್ರಕ್ಕು ನಡೆಯಿತು. ಮುಂದಿನ ಕುರಿಯ ಬಾಲಕ್ಕೂ ಟ್ರಕ್ಕಿಗೂ ಎಷ್ಟು ಅಂತರವಿತ್ತೋ ಅಷ್ಟೇ ಉಳಿಯಿತು. ಹಿಂದೆ ಮರಿಗಳು ಒದರುತ್ತಿದ್ದವು. ನಾನು ಬಾಗಿಲಿನ ಪಕ್ಕಕ್ಕೇ ನಡೆಯುತ್ತಾ ಒಳಗೆ ಬಗ್ಗಿ ಬಗ್ಗಿ ಮೀಟರು ನೋಡುತ್ತಿದ್ದೆ. ದಿಬ್ಬದ ಏರು ಬಂತು. ಕಾಕಾ ಬಲಗಾಲನ್ನು ಒಂದಿಷ್ಟು ಒತ್ತಿದರು, ಟ್ರಕ್ಕು ಹೆಜ್ಜೆ ಬದಲಿಸಲಿಲ್ಲ. ಏರು ಮುಗಿದಾಗ ಬಲಗಾಲನ್ನೂ ಮುಂದಕ್ಕೆ ಚಾಚಿಕೊಂಡರು.

"ಎರಡೂ ಕಾಲಿಗೆ ಸೂಟಿ ಕೊಟ್ಟಿ ಮಿಸ್ತ್ರಿ," ಎಂದರು.

ನಾನು ಎಷ್ಟು ದೂರ ನಡೆದೆನೋ ನನಗೇ ತಿಳಿಯಲಿಲ್ಲ. ಮೂರನೆಯ ಕಿಲೋಮೀಟರ್ ಕಲ್ಲು ಕಂಡಾಗಷ್ಟೇ ವಾಪಸು ಹೋಗಲು ನನಗೆ ಗಾಡಿಯಿಲ್ಲ ಎಂಬುದು ನೆನಪಾಯಿತು. ನಿಂತೆ. ಮಂದೆ ಮುಂದೆ ಹೋಯಿತು, ಅದರ ಬೆನ್ನಿಗೆ ಟ್ರಕ್ಕು. ಸಾಮಾನಿಲ್ಲದ ಕುದುರೆಯನ್ನು ಹಿಡಿದುಕೊಂಡು ಕಾಕಾರ ತಮ್ಮ ತಿರುವಿನಲ್ಲಿ ಹಿಂದಕ್ಕೆ ತಿರುಗಿದರು. ಸ್ವಲ್ಪ ಹೊತ್ತು ಟ್ರಕ್ಕನ್ನೇ ನೋಡಿದರು. ಆಮೇಲೆ ಕೈ ಬಾಯಿಗೆ ಹಿಡಿದು, ಮಂದೆಯ ಮೇಲಿಂದ ಕೂಗಿದರು.

"ಅಣ್ಣಾ! ಇವತ್ತ ಮುಕ್ಕಾಂ ಎಲ್ಲಿ?"